ಸಂಜೆ ಚಿಲಕ ಹಾಕದ ಬಾಗಿಲಿನ ಪರವಾಗಿ

ಶಿಶುಪಾಲನಾ ಇಲಾಖೆಯ ಮಾನ್ಯ ಆಯುಕ್ತರೇ,

ನಮ್ಮ ಬೀದಿಯ ಶಿಶುವಿಹಾರವನ್ನು ಮುಚ್ಚಿ, ಕಟ್ಟಡ ಕೆಡವಿ ಜಾಗವನ್ನು ವಾಹನ ನಿಲುಗಡೆಗೆ ಕೊಟ್ಟು, ಮಕ್ಕಳನ್ನು ಮೇಲ್ಸೇತುವೆಯಾಚೆಯ ಮಾದರಿ ಕೇಂದ್ರಕ್ಕೆ ಸಾಗಿಸಬೇಕೆಂಬ ನಿಮ್ಮ ಆದೇಶವನ್ನು ಅದೇ ಶಿಶುವಿಹಾರದ ಗೋಡೆಗೆ ಅಂಟಿಸಿದ್ದಾರೆ. ಕೀಳಲು ನೋಡಿದೆ, ಬರಲಿಲ್ಲ. ಇಲಾಖೆಯಲ್ಲಿ ಅಂಟಾದರೂ ಗಟ್ಟಿಯಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಆ ಬಾಗಿಲನ್ನು ಕೆಡವಬೇಡಿ. ನನ್ನ ತಾಯಿ ನನ್ನನ್ನು ಹುಡುಕಿಕೊಂಡು ಬರಬಹುದಾದ ಜಾಗ ಈ ಲೋಕದಲ್ಲಿ ಅದೊಂದೇ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಉಡುಪಿನ ಕಾರ್ಖಾನೆಗಳಿರುವ ನಮ್ಮ ಬೀದಿಯಲ್ಲಿ ಈ ಕಸುಬಿಗೆ ಬರಗಾಲವಿಲ್ಲ. ನಿಮ್ಮ ಪರಿಶೀಲನಾಧಿಕಾರಿಗಳು ಬಂದ ದಿನ ನಾನು ಎದುರು ಅಂಗಡಿಯಲ್ಲೇ ಇದ್ದೆ. ಗೋಡೆಯ ಬಣ್ಣ ಮಾಸಿದೆ, ನಲ್ಲಿ ಸೋರುತ್ತದೆ, ಸಿಬ್ಬಂದಿ ‘ಅಕಾರಣವಾಗಿ’ ಹೊತ್ತು ಮೀರಿ ಕೂರುತ್ತಾರೆ, ಸಂಜೆ ಬಾಗಿಲಿಗೆ ಚಿಲಕವನ್ನೇ ಹಾಕುವುದಿಲ್ಲ ಎಂದು ಅವರು ವರದಿ ಕೊಟ್ಟರು. ನಲ್ಲಿ ಸೋರುವುದು ನಿಜ. ಆದರೆ ಆ ‘ಅಕಾರಣ’ ಯಾವುದೆಂದು ಅಲ್ಲಿದ್ದ ಆಯಾಳನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದರೆ ಅವರ ಜೀಪಿನ ಇಂಧನವೇನಾದರೂ ಹೆಚ್ಚು ಉರಿಯುತ್ತಿತ್ತೇ?

ಈ ಶಿಶುವಿಹಾರವನ್ನು ಕಟ್ಟಿದ್ದು ನಿಮ್ಮ ಇಲಾಖೆಯಲ್ಲ, ಬೀದಿಯವರೇ. ಮಧ್ಯಾಹ್ನ ಅಲ್ಲಿ ಒಂದೊಂದು ಚಾಪೆಯ ಮೇಲೆ ಇಬ್ಬಿಬ್ಬರು ಮಕ್ಕಳನ್ನು ಮಲಗಿಸುತ್ತಾರೆ. ಹಾಗೆ ಜೊತೆಗೆ ಮಲಗಿದವರು ನಮ್ಮಲ್ಲಿ ಸಾಯುವ ತನಕ ಚಾಪೆ ಅಣ್ಣ, ಚಾಪೆ ತಂಗಿ. ನನ್ನ ಚಾಪೆ ಅಣ್ಣ ಈಗ ಎಲೆಕ್ಟ್ರಿಷಿಯನ್. ಹಲ್ಲೆಲ್ಲ ಉದುರಿದ್ದರೂ ಫ್ಯೂಸ್ ಹೋಯಿತೆಂದರೆ ಓಡಿ ಬರುತ್ತಾನೆ, ‘ಚಿಕ್ಕೋಳಿದ್ದಾಗ ನನ್ನ ಚಾಪೆ ಒದ್ದೆ ಮಾಡ್ತಿದ್ದೆ, ಈಗ ನನ್ನ ಜೀವ ತಿಂತೀಯ’ ಎಂದು ಬೈಯುತ್ತಲೇ ಸರಿಮಾಡುತ್ತಾನೆ. ನನ್ನ ಮದುವೆಗೆ ಹೆಣ್ಣಿನ ಕಡೆಯವರೆಂದು ನಿಂತವರು ಇಂಥವರೇ. ರಕ್ತಸಂಬಂಧದವರೆಂದು ನನಗೆ ಯಾರೂ ಇರಲಿಲ್ಲ.

ಏಕೆಂದರೆ ಒಂದು ಬೆಳಿಗ್ಗೆ ನನ್ನ ತಾಯಿ ನನ್ನನ್ನು ಆ ಹೊಸ್ತಿಲ ಮೇಲೆ ಬಿಟ್ಟು ಗುಂಡಿ ಹಾಕುವ ವಿಭಾಗದ ಕೆಲಸಕ್ಕೆ ಹೋದವಳು ಸಂಜೆ ಬರಲಿಲ್ಲ. ಊರಿಗೆ ಹೊಸಬಳು, ಗುರುತಿನವರಿಲ್ಲ. ಊಟದ ಬಿಡುವಿನಲ್ಲಿ ಹೊರಗೆ ಹೋದಳೆಂದು ಕಾರ್ಖಾನೆಯವರು ಹೇಳಿದರು. ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಕತ್ತಲಾಗುವಾಗ, ಇಸ್ತ್ರಿ ಅಂಗಡಿಯ ಹೆಂಗಸು, ಬೀದಿಗೆಲ್ಲ ಇಸ್ತ್ರಿ ಅತ್ತೆ, ಶಿಶುವಿಹಾರ ನಡೆಸುತ್ತಿದ್ದ ಟೀಚರಮ್ಮನಿಗೆ ಹೇಳಿದಳಂತೆ: ‘ಇವತ್ತೊಂದಿನ ನಮ್ಮನೇಲಿ ಮಲಗ್ಲಿ ಬಿಡಿ. ನಾಳೆ ಬರ್ತಾಳೆ.’ ನಾನು ಆ ಮನೆಯಲ್ಲೇ ಬೆಳೆದೆ. ಕೊನೆಯ ಮಗು ಮನೆ ಸೇರುವ ತನಕ ಚಿಲಕ ಹಾಕಬಾರದೆಂಬುದು ಶಿಶುವಿಹಾರದ ಕಟ್ಟಳೆ. ಲೆಕ್ಕದ ಪ್ರಕಾರ ಕೊನೆಯ ಮಗು ಇನ್ನೂ ಹೋಗಿಲ್ಲ. ಅಂದಿನಿಂದ ಬೀದಿಯವರು ಸರದಿಯಂತೆ ಅಲ್ಲಿ ಸಂಜೆ ಕೂರುತ್ತಾರೆ. ನಿಮ್ಮ ವರದಿಯ ‘ಅಕಾರಣ’ ನಾನೇ, ಸ್ವಾಮಿ.

ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹಿಂದೊಮ್ಮೆ ಯಾರೋ ಚಿಕ್ಕಪ್ಪನೆಂದು ಹೇಳಿಕೊಂಡು ಬಂದಾಗ ಮಗು ಹೆದರಿ ಬೆಂಚಿನ ಕೆಳಗೆ ನುಸುಳಿತಂತೆ. ಆಮೇಲಿಂದ ಗುರುತಿಲ್ಲದವರು ಬಂದರೆ ಟೀಚರಮ್ಮ ಮಗುವಿನ ಕೈ ಬಿಡುತ್ತಿದ್ದರು. ಮಗು ತಾನಾಗಿ ಅವರ ಬಳಿ ಓಡಿದರೆ ಕಳಿಸುವುದು, ಇಲ್ಲದಿದ್ದರೆ ಇಲ್ಲ. ಮಗುವಿಗಿಂತ ದೊಡ್ಡ ಸಾಕ್ಷಿ ಬೇಕೇ ಎನ್ನುತ್ತಿದ್ದರು.

ತಾಯಿ ಹೋಗಿ ವರ್ಷವೇ ಕಳೆದಿತ್ತು. ಟೀಚರಮ್ಮನಿಗೆ ಜ್ವರ ಬಂದು, ಅವರ ತಂಗಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ನನ್ನ ತಾಯಿಯ ಮುಖವನ್ನು ಅವಳು ಕಂಡವಳಲ್ಲ. ಸಂಜೆ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ತಲೆಗೂದಲನ್ನು ಗಿಡ್ಡವಾಗಿ ಕತ್ತರಿಸಿದ್ದರು, ಕಾಯಿಲೆಯಿಂದ ಎದ್ದವಳ ಹಾಗೆ ಸೊರಗಿದ್ದಳು.

‘ಪುಟ್ಟಿ ಇದ್ದಾಳಾ?’

‘ಯಾವ ಪುಟ್ಟಿ? ಇಲ್ಲಿರೋರೆಲ್ಲ ಪುಟ್ಟೀರೇ ಕಣಮ್ಮ.’

ಹೆಂಗಸು ನನ್ನ ಕಡೆ ಬೆರಳು ಮಾಡಿದಳು. ಟೀಚರಮ್ಮನ ತಂಗಿ ನನ್ನ ಕೈ ಬಿಟ್ಟು, ‘ಹೋಗು ನೋಡೋಣ, ಯಾರು ಬಂದಿದಾರೆ?’ ಎಂದಳು. ಅದೇ ಗಳಿಗೆಗೆ ಹೆಂಗಸಿನ ಬೆನ್ನ ಹಿಂದೆ ಇಸ್ತ್ರಿ ಅತ್ತೆ ಬಂದಳು. ನಾನು ಓಡಿದೆ. ಹೆಂಗಸನ್ನು ದಾಟಿ, ಅತ್ತೆಯ ಮಡಿಲಿಗೆ ಓಡಿದೆ. ‘ಚೆನ್ನಾಗಿದ್ದಾಳೆ ಬಿಡಿ’ ಎಂದು ಹೆಂಗಸು ಹೊರಟುಹೋದಳು. ನನ್ನ ಚೀಲ ಹುಡುಕುತ್ತಿದ್ದ ಅತ್ತೆ ಅವಳ ಮುಖವನ್ನೂ ನೋಡಲಿಲ್ಲ.

ರಾತ್ರಿಯಡುಗೆಗೆ ಮುಂಚೆ ಆ ತಂಗಿ ಹೆಮ್ಮೆಯಿಂದಲೇ ವರದಿ ಒಪ್ಪಿಸಿದಳು: ‘ಯಾರೋ ಬಂದಿದ್ರು ಅಕ್ಕ. ಮಗು ಓಡ್ಲಿಲ್ಲ, ನಾನೂ ಕಳಿಸ್ಲಿಲ್ಲ.’ ಟೀಚರಮ್ಮ ಜ್ವರದ ಮೈಯಲ್ಲೇ, ಚಪ್ಪಲಿಯೂ ಮೆಟ್ಟದೆ ಬಸ್ ನಿಲ್ದಾಣದ ತನಕ ಓಡಿದರಂತೆ. ಯಾರೂ ಸಿಗಲಿಲ್ಲ. ಇದನ್ನೆಲ್ಲ ನಾನು ದೊಡ್ಡವಳಾದ ಮೇಲೆ ಅವರೇ ಹೇಳಿದರು. ನನಗೆ ನೆನಪಿರುವುದು ಅತ್ತೆಯ ಕೈಯ ಬಿಸಿ ಮಾತ್ರ. ಆ ಹೆಂಗಸಿನ ಮುಖ ಎಷ್ಟು ತಡಕಿದರೂ ಸಿಗುವುದಿಲ್ಲ.

ಅವಳು ನನ್ನ ತಾಯಿಯೇ ಆಗಿದ್ದಳೋ? ದೇವರಾಣೆ ಗೊತ್ತಿಲ್ಲ. ನಮ್ಮನ್ನು ಕಾಯಲೆಂದೇ ಮಾಡಿದ ಕಟ್ಟಳೆ ಅಂದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಯಾರನ್ನು ಬೈಯಲಿ? ಈಗಲೂ ನನ್ನ ಸರದಿ ಇರಲಿ ಬಿಡಲಿ, ಸಂಜೆಯಾದರೆ ಕಾಲು ಅತ್ತಲೇ ಎಳೆಯುತ್ತದೆ. ರಸ್ತೆಯಾಚೆ ಯಾರಾದರೂ ಹೆಂಗಸು ಸುಮ್ಮನೆ ನಿಂತಿದ್ದರೆ ರಸ್ತೆ ದಾಟುತ್ತೇನೆ. ಹತ್ತಿರ ಹೋಗಿ ನೋಡುತ್ತೇನೆ. ಬಸ್ಸಿಗೆ ಕಾಯುವವಳಾಗಿರುತ್ತಾಳೆ, ನನಗಿಂತ ಚಿಕ್ಕವಳೂ ಆಗಿರುತ್ತಾಳೆ. ನಾನು ಅಜ್ಜಿಯಾಗಿದ್ದೇನೆ, ತಾಯಿಗೆ ವಯಸ್ಸಾಗಿರಬೇಕೆಂಬುದು ನನ್ನ ಕಣ್ಣಿಗೆ ಇನ್ನೂ ತಿಳಿದಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ, ಸಭೆಯಲ್ಲಿರುವುದೇ ನಿಮ್ಮ ಹುದ್ದೆಯೆಂದು ಆಮೇಲೆ ತಿಳಿಯಿತು. ಗುಮಾಸ್ತರು ಒಳ್ಳೆಯವರು, ಕೂರಿಸಿ ಪೂರ್ತಿ ಕೇಳಿಸಿಕೊಂಡರು. ‘ಇಷ್ಟು ಕಾಲ ಆದ್ಮೇಲೆ ಅವರು ಬರ್ತಾರೇನಮ್ಮ?’ ಎಂದರು. ‘ಬರಲ್ಲ’ ಎಂದೆ. ಬದುಕಿರಲಾರಳೆಂದು ನನಗೂ ಗೊತ್ತು. ಆದರೆ ಒಮ್ಮೆ ಬಂದವಳನ್ನು ಬರಿಗೈಯಲ್ಲಿ ಕಳಿಸಿದ್ದೇವೆ. ಮತ್ತೊಮ್ಮೆ ಬಂದು ನೋಡಿದರೆ ಅಲ್ಲಿ ಬಾಗಿಲೇ ಇಲ್ಲ, ಕಾರುಗಳು ಸಾಲಾಗಿ ನಿಂತಿವೆ ಎಂದಾಗಬಾರದು. ಇದನ್ನು ಯಾವ ಕಾನೂನಿನಡಿ ಕೇಳಬೇಕೋ ನನಗೆ ತಿಳಿಯದು. ತಿಳಿದವರು ನೀವು, ಹುಡುಕಿ.

ಆದ್ದರಿಂದ ಆದೇಶವನ್ನು ಹಿಂತೆಗೆದುಕೊಳ್ಳಿ. ನಲ್ಲಿಯನ್ನು ನಾವೇ ಸರಿಮಾಡಿಸುತ್ತೇವೆ, ಬಣ್ಣವನ್ನೂ ಬಳಿಯುತ್ತೇವೆ. ಕೆಡವಿಯೇ ತೀರುತ್ತೇವೆ ಎಂದರೆ, ಆ ಹೊಸ್ತಿಲಿದ್ದ ಜಾಗದಲ್ಲಿ ಪ್ರತಿ ಸಂಜೆ ಇಲಾಖೆಯ ಒಬ್ಬರನ್ನು ಕೂರಿಸಿ. ಯಾರಾದರೂ ಮುದುಕಿ ಬಂದು ನಿಂತರೆ ಗುರುತಿನ ಚೀಟಿ ಕೇಳದೆ ಕುರ್ಚಿ ಕೊಡಬೇಕು, ನನ್ನನ್ನು ಕರೆಸಬೇಕು. ಮಗುವನ್ನು ಬಿಟ್ಟುಹೋದ ತಾಯಂದಿರೆಲ್ಲ ಸಂಜೆ ಬಂದೊಡನೆ ಕೇಳುವುದನ್ನೇ ಅವಳೂ ಕೇಳುತ್ತಾಳೆ: ‘ಅತ್ಲಾ?’ ನಿಮ್ಮ ಸಿಬ್ಬಂದಿ ಆಗ, ‘ಇಲ್ಲಮ್ಮ, ಆಡ್ಕೊಂಡಿದ್ಲು’ ಎನ್ನಬೇಕು. ಸರ್ಕಾರಿ ನೌಕರರು ಸುಳ್ಳು ಹೇಳಬಾರದೆಂದು ನಿಯಮವಿದ್ದರೆ, ಇದೊಂದಕ್ಕೆ ವಿನಾಯಿತಿ ಕೊಡಿ.

ಇಂತಿ,
ಕರೆದೊಯ್ಯುವವರು ಇನ್ನೂ ಬಂದಿರದ
ನಿಮ್ಮ ಇಲಾಖೆಯ ಅತ್ಯಂತ ಹಿರಿಯ ಮಗು