ಕತ್ತು ಹೇಳಿದ ತಪ್ಪು

ಪ್ಲೊವ್ದಿವ್, ಮೇ ೧೪, ಮಂಗಳವಾರ

ಶಿಶುಶಿಕ್ಷಣ ಸಂಶೋಧನೆಯ ಮಹಾಸಭೆಗೆ ದಯಮಾಡಿಸಿರುವ ಗಣ್ಯರೇ, ಇಂದಿನ ಉಪನ್ಯಾಸದ ವಿಷಯ ನನ್ನ ಕತ್ತು.

ಬಲ್ಗೇರಿಯಾದಲ್ಲಿ ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲ ಎನ್ನಲು ಮೇಲೆ ಕೆಳಗೆ. ಇಷ್ಟು ವರ್ಷ ಇಲ್ಲಿದ್ದವಳಿಗೆ ಇದು ಗೊತ್ತಿಲ್ಲವೇ? ಅಂಗಡಿಯಲ್ಲಿ, ಬಸ್ಸಿನಲ್ಲಿ ಸರಿಯಾಗಿಯೇ ಆಡಿಸುತ್ತೇನೆ. ಮಕ್ಕಳ ಮಾತಿಗೆ ಮೈಮರೆತಾಗ ಮಾತ್ರ ಕತ್ತು ನಮ್ಮೂರು ತುಮಕೂರಿಗೆ ಹೋಗಿಬಿಡುತ್ತದೆ.

ಇವತ್ತು ಶಿಶುವಿಹಾರದ ಟೀಚರ್ ನೆವೆನಾ ಜೊತೆ ನಾನು ಅಲ್ಲಿನ ಮಕ್ಕಳಿಗೆ ಮಾಡಿದ ಎಣಿಕೆ ಪರೀಕ್ಷೆಯ ವೀಡಿಯೊ ನೋಡಿದೆ. ಪುಟ್ಟ ರಾಲಿತ್ಸಾ ಚೆರ್ರಿ ಎಣಿಸಿ "ಏಳು" ಅಂದಳು. ಸರಿಯಾಗಿತ್ತು. ಪ್ರೀತಿಯಿಂದ ಮೇಲೆ ಕೆಳಗೆ ತಲೆದೂಗಿದೆ. ಅವಳು ನನ್ನ ಮುಖ ನೋಡಿ "ಎಂಟು?" ಅಂದಳು. ಮತ್ತೆ ದೂಗಿದೆ. "ಆರು?"

ನೆವೆನಾ ನಕ್ಕಳು. "ಲೇ, ಮಗು ಸರಿ ಹೇಳಿದ್ರೆ ಇಲ್ಲ ಇಲ್ಲ ಅಂತಿದ್ದೀಯಲ್ಲೇ. ನಾನಾಗಿದ್ರೆ ನನ್ನ ಹೆಸರನ್ನೂ ತಪ್ಪು ಹೇಳ್ತಿದ್ದೆ." ಆಮೇಲೆ ನಗು ನಿಂತಿತು. "ಎಲ್ಲಾ ಮಕ್ಕಳಿಗೂ ಹೀಗೇ ಮಾಡಿದ್ಯಾ?"

ಎಲ್ಲರಿಗೂ. ಆಟದಿಂದ ಕಲಿತ ಮಕ್ಕಳಿಗೆ ಎಣಿಕೆ ಬರುವುದಿಲ್ಲ ಎನ್ನುತ್ತದೆ ನನ್ನ ವರದಿ. ಅದನ್ನು ನಂಬಿ ಶುಕ್ರವಾರ ನಗರಸಭೆಯವರು ನೆವೆನಾಳ ಆಟದ ಪಾಠಗಳನ್ನೆಲ್ಲ ರದ್ದು ಮಾಡುತ್ತಾರೆ. ತೂಗಿದ್ದು ನನ್ನ ತಲೆ, ತೆರುವುದು ಮಕ್ಕಳು ಬೆಲೆ. ಪ್ರಾಸ ಕೂಡಿತು, ಪ್ರಾಣ ಹೋಗುತ್ತಿದೆ.

ಸಂಜೆ ಅವಳ ಫೋನ್ ಬಂತು.

"ವರದಿ ತಪ್ಪು ಅಂತ ನಗರಸಭೆಗೆ ತಿಳಿಸಿದ್ಯಾ?"

"ತಿಳಿಸಿದೆ ಕಣೇ."

"ನೀನಾಗಿದ್ದಕ್ಕೆ ಒಪ್ಕೊಂಡೆ. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು."

ಒಪ್ಪಿಕೊಂಡರೆ ಇನ್ನು ಯಾವ ಮಗುವಿನ ಎದುರೂ ನನ್ನನ್ನು ಕೂರಿಸುವುದಿಲ್ಲ, ಗಣ್ಯರೇ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ...

ಗಣ್ಯರೂ ಇಲ್ಲ, ಸಭೆಯೂ ಇಲ್ಲ. ನಾನು ಯಾರಿಗೂ ತಿಳಿಸಿಲ್ಲ.