ವಿಂಡೋ ಮುಚ್ಚುವ ಮುನ್ನ

ನವೆಂಬರ್ 4, ಮಂಗಳವಾರ
ಮಧುರವಾಡ ಲ್ಯಾಬ್. ಮತ್ತೆ ಎಲ್ಲ ಸೊನ್ನೆ. ಕ್ವಾಂಟಮ್ ಚಿಪ್‌ನಿಂದ ಬರುವ ಸಿಗ್ನಲ್ಲನ್ನು ನಮ್ಮ ಎಫ್‌ಪಿಜಿಎ ಬೋರ್ಡು ಒಂದೇ ಒಂದು ಮೈಕ್ರೋಸೆಕೆಂಡ್ ಆಲಿಸಿ, ಅದರೊಳಗಿನ ಕ್ಯೂಬಿಟ್ ಸೊನ್ನೆಯೋ ಒಂದೋ ಹೇಳಬೇಕು. ಆಲಿಸುವ ಆ ಹೊತ್ತೇ ವಿಂಡೋ. ಹತ್ತು ಸಾವಿರ ಸಲ ಕೇಳಿದೆ. ಸೊನ್ನೆ ಬಿಟ್ಟು ಬೇರೆ ಉತ್ತರವಿಲ್ಲ. ಚಿಪ್ ಸತ್ತಿದೆ, ತೆಗೆದುಬಿಡೋಣ ಅಂದಳು ಜೊತೆಯವಳು ಮೃಣಾಲಿನಿ. ಸರಿ ಅಂದೆ. ಊಟ ಮಾಡಿದೆನೋ ಇಲ್ಲವೋ, ನೆನಪಿಲ್ಲ.

ನವೆಂಬರ್ 5
ವಿಜಯವಾಡದಿಂದ ಜಗನ್ಮೋಹನ್ ಭಾವನ ಫೋನ್. ವೇದಕ್ಕನಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಹತ್ತೊಂಬತ್ತು ದಿನ. ಡಾಕ್ಟರು ಅವಳ ಕೈ ಹಿಡಿದು, ಕೇಳಿಸಿದರೆ ಒತ್ತಿ ಅಂದರಂತೆ. ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ಒತ್ತಲಿಲ್ಲ. ಶನಿವಾರ ಇನ್ನೊಮ್ಮೆ ನೋಡುತ್ತಾರೆ. ಆಗಲೂ ಇಲ್ಲವಾದರೆ ಫಿಸಿಯೋ ನಿಲ್ಲಿಸಿ ಮನೆಗೆ.
"ಇಂಕ ಯಾಕಮ್ಮಾ ಅವಳಿಗೆ ಹಿಂಸೆ," ಅಂದರು ಭಾವ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.
ಅಳು ಬರಲಿಲ್ಲ. ಪಾತ್ರೆ ತೊಳೆದೆ.

ನವೆಂಬರ್ 7, ಬೆಳಗ್ಗೆ
ಚಿಪ್ ಸತ್ತಿಲ್ಲ. ತಪ್ಪು ನನ್ನದು, ದಡ್ಡ ತಪ್ಪು. ಹೋದ ವಾರ ಹೊಸ ಫಿಲ್ಟರ್ ಹಾಕಿದ್ದೆ. ಅದನ್ನು ಹಾದು ಬರುವಾಗ ಸಿಗ್ನಲ್ ತಡವಾಗುತ್ತದೆ. ವಿಂಡೋ ಮಾತ್ರ ಹಳೇ ಹೊತ್ತಿಗೇ ತೆರೆದು ಮುಚ್ಚುತ್ತಿತ್ತು. ಉತ್ತರ ಬರುವಷ್ಟರಲ್ಲಿ ಕೇಳುವವರೇ ಇಲ್ಲ. ಸ್ವಲ್ಪ ತಡಮಾಡಿ ತೆರೆದೆ — ಒಂದು, ಒಂದು, ಒಂದು...
ಮೃಣಾಲಿನಿ ಕುಣಿದಳು. ನಾನು ಭಾವನಿಗೆ ಫೋನ್ ಮಾಡಿದೆ. ಡಾಕ್ಟರು ಎಷ್ಟು ಹೊತ್ತು ಕಾದರು? ಐದು ಸೆಕೆಂಡೋ ಹತ್ತೋ, ಅಂದರು.
ಅಕ್ಕ ಚೆನ್ನಾಗಿದ್ದಾಗಲೇ ಒಂದು ಮಾತು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ಅದೇ ದಿನ, ರೈಲಿನಲ್ಲಿ
ಅನಕಾಪಲ್ಲಿಯಲ್ಲಿ ಅಕ್ಕನಿಗೆಂದು ಬೆಲ್ಲ ಕೊಂಡೆ. ಅವಳೀಗ ನುಂಗಲಾರಳು. ಕೊಂಡಮೇಲೆ ನೆನಪಾಯಿತು. ಬ್ಯಾಗಿನಲ್ಲಿಟ್ಟೆ.

ನವೆಂಬರ್ 8, ಬೆಳಗ್ಗೆ 7.40
ವಾರ್ಡ್. ಒಂಬತ್ತಕ್ಕೆ ಡಾಕ್ಟರು ಬರುತ್ತಾರೆ. ಭಾವ ಬಾಗಿಲ ಬಳಿ, ಈ ಕಡೆ ನೋಡುತ್ತಿಲ್ಲ. ಅಕ್ಕನ ಸ್ವಾಧೀನವಿರುವ ಕೈ ನನ್ನ ಎಡಗೈಯಲ್ಲಿ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬರೆಯದಿದ್ದರೆ ಅವಸರ ಮಾಡಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.
ಈಗ ಕೇಳಿದೆ, ನಮ್ಮ ಭಾಷೆಯಲ್ಲಿ. "ಅಕ್ಕಾ, ನಾನು ಕಣೇ. ಕೇಳಿಸಿದ್ರೆ ಕೈ ಒತ್ತು. ನಿಧಾನಕ್ಕೆ."
ಐದು. ಹತ್ತು. ಏನಿಲ್ಲ. ಡಾಕ್ಟರು ಕೈಬಿಟ್ಟದ್ದು ಇಲ್ಲೇ.
ಹದಿನೈದು.
ಇಪ್ಪತ್ತು. ಬೆರಳು ತಣ್ಣಗಿವೆ.
ಇಪ್ಪತ್ತೈದು.
ಮೂವತ್ತು. ಮೂವತ್ತೊಂ—