ನೀನು ಬಿಟ್ಟುಹೋದ ಮರಿಗೆ ಕ್ರೇಟ್

ಡ್ವೇನ್,

ನಾಯಿಮರಿ ಬೇಕೇ ಬೇಕೆಂದು ಕುಣಿದವನು ನೀನು, ಅದು ಬಂದ ವಾರವೇ ಇನ್ನೊಬ್ಬಳ ಮನೆ ಸೇರಿದವನೂ ನೀನು, ಅದರ ಉಚ್ಚೆ ಒರೆಸುವವಳು ನಾನು. ಇದನ್ನು ಅಂಚೆಗೆ ಹಾಕುವುದಿಲ್ಲ. ಅವಳ ವಿಳಾಸ ಬರೆಯಲು ಕೈ ಬರುವುದಿಲ್ಲ.

ಇವತ್ತು ಡುಲೂತ್ ಪೇಟೆಯಲ್ಲಿ ಅದಕ್ಕೊಂದು ಕ್ರೇಟ್ ಕೊಂಡೆ, ರಾತ್ರಿ ಒಳಗೆ ಮಲಗಿಸಿ ಬಾಗಿಲು ಹಾಕುವ ತಂತಿಯ ಗೂಡು.

“ಬೆಳೆದ ಮೇಲೂ ಹಿಡಿಸೋಷ್ಟು ದೊಡ್ಡದು ತಗೊಳ್ಳಿ, ಈಗ ನಡುವೆ ಅಡ್ಡ ತಡಿಕೆ ಹಾಕಿ,” ಎಂದಳು ಅಂಗಡಿಯಾಕೆ. “ಜಾಗ ಜಾಸ್ತಿಯಾದ್ರೆ ಒಂದು ಮೂಲೇಲಿ ಗಲೀಜು ಮಾಡಿ, ಇನ್ನೊಂದ್ರಲ್ಲಿ ಹಾಯಾಗಿ ಮಲಗತ್ತೆ.”

“ಗೊತ್ತಮ್ಮ, ಅಂಥವನ ಜೊತೇಲೇ ಹನ್ನೊಂದು ವರ್ಷ ಸಂಸಾರ ಮಾಡಿದೀನಿ.”

ಆಕೆ ನಕ್ಕಳು, ನಾನು ನಗಲಿಲ್ಲ.

“ಮೊದಮೊದಲು ಮಲಗೋ ಕೋಣೇಲೇ ಇಡಿ. ಯಾರದಾದ್ರೂ ಉಸಿರು ಕೇಳಿಸ್ತಿದ್ರೆ ಅಳಲ್ಲ.”

ಮಂಚದ ಪಕ್ಕ, ನೀನು ಮಲಗುತ್ತಿದ್ದ ಕಡೆಗೇ ಇಟ್ಟಿದ್ದೇನೆ. ಮರಿ ಅಳುತ್ತಿಲ್ಲ. ನನ್ನ ಉಸಿರು ಸಾಲದೆ ಹೋದದ್ದು ನಿನಗೊಬ್ಬನಿಗೇ.

ಮಾರ್ಲಿಸ್